ಶಿರಸಿಯಲ್ಲಿ ಲ್ಯಾಪ್‌ಟಾಪ್ ಬ್ಯಾಟರಿ: 11.1 ವೋಲ್ಟ್‌ದೋ, 14.8ರದೋ?

ಶಿರಸಿಯಿಂದ ಒಬ್ಬರು ಕೇಳಿದ್ದಾರೆ: ಹಳೆ ಲ್ಯಾಪ್‌ಟಾಪ್ ಚಾರ್ಜರ್‌ನಲ್ಲಿ ಓಡುತ್ತದೆ, ಕರೆಂಟ್ ಹೋದರೆ ಆಫ್ ಆಗುತ್ತದೆ, ಟಚ್‌ಪ್ಯಾಡ್ ಉಬ್ಬಿದಂತಿದೆ; ಅಂಗಡಿಯವರು 11.1 ಮತ್ತು 14.8 ವೋಲ್ಟ್‌ನ ಎರಡು ಬ್ಯಾಟರಿ ಹೇಳುತ್ತಾರೆ, ಯಾವುದು ತರಲಿ? ಆರು ವರ್ಷದ ಲ್ಯಾಪ್‌ಟಾಪ್ ಕರೆಂಟ್ ಹೋದ ಹತ್ತೇ ನಿಮಿಷಕ್ಕೆ ಆಫ್ ಆಗುತ್ತಿದೆ ಅಂದರೆ, ಹೆಚ್ಚಾಗಿ ಬ್ಯಾಟರಿಯ ಸೆಲ್‌ಗಳೇ ಸವೆದಿವೆ. ಚಾರ್ಜರ್‌ನಲ್ಲಿ ಸರಿಯಾಗಿ ಓಡುತ್ತಿದೆಯಲ್ಲ, ಹಾಗಾಗಿ ಚಾರ್ಜರ್ ಮೇಲೆ ಅನುಮಾನ ಕಡಿಮೆ.

ಮೊದಲು ವಿಂಡೋಸ್‌ನ ಬ್ಯಾಟರಿ ರಿಪೋರ್ಟ್ ತೆಗೆಯಿರಿ. ಡಿಸೈನ್ ಕೆಪಾಸಿಟಿಯ (ಹೊಸದಿದ್ದಾಗಿನ ಸಾಮರ್ಥ್ಯದ) ಅರ್ಧಕ್ಕಿಂತ ಕಡಿಮೆ ಫುಲ್ ಚಾರ್ಜ್ (ಈಗ ತುಂಬುವಷ್ಟು) ಇದ್ದರೆ ಬದಲಿಸುವುದೇ ಸರಿ. ಆಮೇಲೆ, ಬ್ಯಾಟರಿ ಉಬ್ಬಿಲ್ಲದಿದ್ದರೆ ಮಾತ್ರ, ಆಫ್ ಮಾಡಿ, ಚಾರ್ಜರ್ ತೆಗೆದು, ಹಿಂಬದಿ ಬಿಚ್ಚಿ ಬ್ಯಾಟರಿಯ ಸ್ಟಿಕ್ಕರ್ ಫೋಟೋ ಹೊಡೆಯಿರಿ. ಪಾರ್ಟ್ ನಂಬರ್ ನೋಡಿಯೇ ಕೊಳ್ಳಿ. ಲ್ಯಾಪ್‌ಟಾಪ್ ಹೆಸರು ಒಂದೇ ಇದ್ದರೂ ಒಳಗೆ ಬೇರೆ ಬ್ಯಾಟರಿ ಇರಬಹುದು. ನಾನು ಹೆಸರು ನಂಬಿ ತರಿಸಿ, ಕನೆಕ್ಟರ್ ಕೂರದೆ ವಾಪಸ್ ಕಳಿಸಿದ್ದೆ.

ಅಂಗಡಿಯವರು ಹೇಳಿದ ಎರಡರಲ್ಲಿ ಯಾವುದು ಅನ್ನುವುದಕ್ಕೂ ಸ್ಟಿಕ್ಕರೇ ಉತ್ತರ. ಸ್ಟಿಕ್ಕರ್ ಮೇಲೆ 10.8 ವೋಲ್ಟ್ ಇದ್ದಲ್ಲಿ ಸಾಮಾನ್ಯವಾಗಿ 11.1 ನಡೆಯುತ್ತದೆ, ಎರಡೂ ಮೂರು ಸೆಲ್ ಸಾಲಿನವು. ಅಂಥದ್ದಕ್ಕೆ 14.8 ಮಾತ್ರ ಹಾಕಲೇಬೇಡಿ, ಅದು ನಾಲ್ಕು ಸೆಲ್‌ದು. ಎಂಎಎಚ್ (ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಲೆಕ್ಕ) ಸ್ವಲ್ಪ ಜಾಸ್ತಿ ಇದ್ದರೆ ತೊಂದರೆಯಿಲ್ಲ, ಬ್ಯಾಟರಿ ಗಾತ್ರ ಜಾಗಕ್ಕೆ ಕೂತರೆ ಸಾಕು. ತಯಾರಾದ ತಿಂಗಳನ್ನೂ ಕೇಳಿ. ಸುಮ್ನೆ ಕಪಾಟಿನಲ್ಲಿದ್ದರೂ ಬ್ಯಾಟರಿ ಹಳತಾಗುತ್ತದೆ.

ಟಚ್‌ಪ್ಯಾಡ್ ಉಬ್ಬಿದಂತಿದೆ ಅಂದಿರಿ. ಹಾಗಿದ್ದರೆ ಅದರ ಕೆಳಗಿನ ಬ್ಯಾಟರಿ ಉಬ್ಬಿರಬಹುದು, ಇವತ್ತಿನಿಂದಲೇ ಚಾರ್ಜ್ ಮಾಡಬೇಡಿ. ಒತ್ತಬೇಡಿ, ಚುಚ್ಚಬೇಡಿ. ನೀವೇ ಬಿಚ್ಚದೆ ರಿಪೇರಿಯವರ ಹತ್ತಿರವೇ ತೆಗೆಸಿ, ಸ್ಟಿಕ್ಕರ್ ಫೋಟೋ ಅಲ್ಲೇ ತೆಗೆದುಕೊಳ್ಳಿ.