ಕಿವಿ ತಮಟೆಯ ಮೂಲಕ ಇಂಜೆಕ್ಷನ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ತಂದೆಗೆ 58 ವರ್ಷ, ಸಕ್ಕರೆ ಕಾಯಿಲೆ ಇದೆ. 18 ದಿನಗಳ ಹಿಂದೆ ಬೆಳಿಗ್ಗೆ ಏಳುವಾಗ ಬಲಗಿವಿ ಪೂರ್ತಿ ಕೇಳದಂತಾಗಿತ್ತು. ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆಯಿಂದ ಸಕ್ಕರೆ ಏರಿತೇ ಹೊರತು ಕಿವಿ ಸುಧಾರಿಸಲಿಲ್ಲ. ಈಗ ಇಎನ್‌ಟಿ ವೈದ್ಯರು ಕಿವಿಯೊಳಗೇ ಇಂಜೆಕ್ಷನ್ ಕೊಡಬೇಕು ಎನ್ನುತ್ತಾರೆ. ಡ್ರಾಪ್ಸ್ ಹಾಕಿದರೆ ಸಾಲದೇ? ಇಷ್ಟು ದಿನವಾದ ಮೇಲೆ ಪ್ರಯೋಜನವಿದೆಯೇ?
– ಓದುಗರು, ಹಾವೇರಿ

ಡ್ರಾಪ್ಸ್ ಸಾಲದು. ತಮಟೆ ತೂತಿಲ್ಲದೆ ಸರಿಯಾಗಿದ್ದರೆ ಹೊರಗಿನಿಂದ ಹಾಕಿದ ಹನಿ ಅಲ್ಲಿಗೇ ನಿಲ್ಲುತ್ತದೆ. ಬೆಳ್ಳುಳ್ಳಿ ಕಾಯಿಸಿದ ಎಣ್ಣೆಯದೂ ಇದೇ ಕಥೆ; ಅದರಿಂದ ಚರ್ಮ ಸುಡುವುದೊಂದೇ ಲಾಭ. ಮಾತ್ರೆಯ ಔಷಧ ರಕ್ತದ ಮೂಲಕ ಹೋಗಬೇಕು, ಆದರೆ ಒಳಕಿವಿಯ ರಕ್ತನಾಳಗಳು ಮಿದುಳಿನವುಗಳಂತೆ ಬಿಗಿ, ಹೆಚ್ಚು ಬಿಟ್ಟುಕೊಡುವುದಿಲ್ಲ. ಹಾಗಾಗಿ ತಮಟೆ ದಾಟಿ ಮಧ್ಯಕಿವಿಯಲ್ಲಿ ಔಷಧ ತುಂಬಿಸುತ್ತಾರೆ. ಅಲ್ಲಿಂದ ಒಳಕಿವಿಗೆ ‘ರೌಂಡ್ ವಿಂಡೋ’ ಎಂಬ ಸಣ್ಣ ಕಿಂಡಿಯಿದೆ. ಅದನ್ನು ಮುಚ್ಚಿರುವ ಪೊರೆಯ ದಪ್ಪ ಸುಮಾರು 0.07 ಮಿ.ಮೀ. ಔಷಧ ಅದರಲ್ಲಿ ನಿಧಾನವಾಗಿ ಜಿನುಗುತ್ತದೆ.

ವಿಧಾನ ಹೀಗೆ. ಲಿಡೊಕೇನ್ ಸ್ಪ್ರೇ, ಮರಗಟ್ಟಿಸುವ ಕ್ರೀಮ್ ಅಥವಾ ಒಂದು ಚುಕ್ಕೆ ಫೀನಾಲ್‌ನಿಂದ ತಮಟೆಯನ್ನು ಜೋಮು ಹಿಡಿಸುತ್ತಾರೆ. ಫೀನಾಲ್ ತಾಗಿದ ಜಾಗ ಬೆಳ್ಳಗಾಗುತ್ತದೆ, ಸೂಜಿ ಅಲ್ಲೇ ಹೋಗುತ್ತದೆ. ಮೈಕ್ರೋಸ್ಕೋಪ್‌ನಲ್ಲಿ ನೋಡುತ್ತಾ 25 ಅಥವಾ 27 ಗೇಜ್‌ನ ಉದ್ದ ಸೂಜಿಯಿಂದ 0.4ರಿಂದ 0.8 ಮಿ.ಲೀ. ನಿಧಾನವಾಗಿ ಬಿಡುತ್ತಾರೆ. ಒಳಗಿನ ಗಾಳಿ ಹೊರಬರಲು ಕೆಲವರು ಮೊದಲೇ ಇನ್ನೊಂದು ಚುಕ್ಕೆ ತೂತು ಮಾಡಿಕೊಳ್ಳುತ್ತಾರೆ. ಇಲ್ಲವಾದರೆ ಒತ್ತಡಕ್ಕೆ ನೋವು ಜಾಸ್ತಿ. ಔಷಧದ ಸಾಂದ್ರತೆಯನ್ನೂ ಕೇಳಿ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಮಿ.ಲೀ.ಗೆ 4 ಮಿ.ಗ್ರಾಂ ಮಾತ್ರ. ಅಮೆರಿಕದ ಇಎನ್‌ಟಿ ವೈದ್ಯರ ಸಂಘದ 2019ರ ಮಾರ್ಗಸೂಚಿ 10 ಅಥವಾ 24 ಮಿ.ಗ್ರಾಂ ಎನ್ನುತ್ತದೆ, ಇಲ್ಲವೇ 30–40 ಮಿ.ಗ್ರಾಂನ ಮಿಥೈಲ್‌ಪ್ರೆಡ್ನಿಸೊಲೋನ್. ಎರಡನೆಯದು ಒಳಗೆ ಉರಿಯುತ್ತದೆ. ಎರಡು ವಾರದೊಳಗೆ ನಾಲ್ಕು ಇಂಜೆಕ್ಷನ್‌ವರೆಗೆ ಕೊಡುವುದುಂಟು.

ಮಾತ್ರೆ ಫಲಿಸದವರಿಗೆ ಅದೇ ಮಾರ್ಗಸೂಚಿ ಕೊಡುವ ಅವಧಿ, ಕಿವಿ ಕೇಳದಾದ ದಿನದಿಂದ 2ರಿಂದ 6 ವಾರ. ನಿಮ್ಮ ತಂದೆಯವರು ಅದರೊಳಗೇ ಇದ್ದಾರೆ, ಆದರೆ ಊರ ಜಾತ್ರೆ ಮುಗಿಯಲಿ ಎಂದು ಕಾಯುವ ವಿಷಯವಲ್ಲ. ಸಕ್ಕರೆ ಇದರಿಂದ ಮಾತ್ರೆಯಷ್ಟು ಏರುವುದಿಲ್ಲ. ಪೂರ್ತಿ ಕೇಳಿಸಿಯೇ ಬಿಡುತ್ತದೆ ಎಂಬ ಭರವಸೆ ಮಾತ್ರ ಯಾರೂ ಕೊಡಲಾರರು. ಕಿವಿ ನರದ ಗಡ್ಡೆ ಇಲ್ಲವೆಂದು ಖಚಿತಪಡಿಸಲು ಎಂಆರ್‌ಐ ಹೇಳಿದರೆ ಮಾಡಿಸಿ.

ಪ್ರಶ್ನೆ: ಇಂಜೆಕ್ಷನ್ ಆದ ಕೂಡಲೇ ಗಂಟಲಿಗೆ ಕಹಿ ಇಳಿಯಿತು, ಕೋಣೆಯೇ ಸುತ್ತಿದಂತಾಯಿತು. ಔಷಧ ವ್ಯರ್ಥವಾಯಿತೇ?
– ಓದುಗರು, ಮಂಗಳೂರು

ಕಹಿ ಎಂದರೆ ಸ್ವಲ್ಪ ಭಾಗ ಗಂಟಲಿಗೆ ಹೋಗಿದೆ. ಮಧ್ಯಕಿವಿಯಿಂದ ಮೂಗಿನ ಹಿಂಭಾಗಕ್ಕೆ ಯುಸ್ಟೇಶಿಯನ್ ನಾಳವಿದೆ. ಪ್ರತಿ ಸಲ ಉಗುಳು ನುಂಗಿದಾಗ, ಆಕಳಿಸಿದಾಗ ಅದು ತೆರೆದುಕೊಳ್ಳುತ್ತದೆ. ಹಾಗಾಗಿ ಅರ್ಧ ಗಂಟೆ ಅಂಗಾತ ಮಲಗಿ, ತಲೆಯನ್ನು ಇನ್ನೊಂದು ಕಿವಿಯ ಕಡೆ 45 ಡಿಗ್ರಿ ತಿರುಗಿಸಿ, ಮಾತಾಡದೆ, ನುಂಗದೆ ಇರಬೇಕು. ಉಗುಳು ಬಂದರೆ ಬಾಯಂಚಿನಲ್ಲಿ ಟಿಶ್ಯೂಗೆ ಬಿಡಿ. ಸೂಜಿ ಚುಚ್ಚುವುದು ಒಂದೆರಡು ನಿಮಿಷದ ಕೆಲಸ, ಫಲ ನಿಂತಿರುವುದು ಈ ಅರ್ಧ ಗಂಟೆಯ ಮೇಲೆ. ಚುಚ್ಚಿದ ಕೂಡಲೇ ‘ಏಳಿ, ಹೊರಡಿ’ ಎಂದರೆ ‘ಸ್ವಲ್ಪ ಮಲಗಿರುತ್ತೇನೆ’ ಎನ್ನಲು ಸಂಕೋಚ ಬೇಡ.

ತಲೆಸುತ್ತಿಗೆ ಹೆಚ್ಚಾಗಿ ಕಾರಣ ತಣ್ಣಗಿನ ಔಷಧ. ಮೈ ಬಿಸಿಗಿಂತ ತಂಪಾದದ್ದು ತಾಗಿದರೆ ಒಳಕಿವಿಯ ದ್ರವ ಹರಿದಾಡಿ, ತಲೆ ತಿರುಗುತ್ತಿದೆ ಎಂಬ ಸುಳ್ಳು ಸುದ್ದಿ ಮಿದುಳಿಗೆ ಹೋಗುತ್ತದೆ. ಕೆಲವು ನಿಮಿಷದಲ್ಲಿ ಇಳಿಯುತ್ತದೆ. ಮುಂದಿನ ಸಲ ವಯಲ್ ಅನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗಾಗಿಸಲು ನರ್ಸಮ್ಮನಿಗೆ ಹೇಳಿ. ತೂತು ಮುಚ್ಚುವವರೆಗೆ ಸ್ನಾನಕ್ಕೆ ವ್ಯಾಸಲೀನ್ ಸವರಿದ ಹತ್ತಿ ಇಟ್ಟುಕೊಳ್ಳಿ, ಈಜು ಬೇಡ. ಕೆಲವರಲ್ಲಿ ತೂತು ಉಳಿದುಬಿಡುತ್ತದೆ. ಕಿವಿ ಸೋರಿದರೆ ಅಥವಾ ಜ್ವರ ಬಂದರೆ ಅಂದೇ ತೋರಿಸಿ.

ಪ್ರಶ್ನೆ: ಅಮ್ಮನಿಗೆ ಮೆನಿಯರ್ಸ್ ಕಾಯಿಲೆ, ಅಂದರೆ ಒಳಕಿವಿಯ ತೊಂದರೆಯಿಂದ ಆಗಾಗ ತಲೆಸುತ್ತು. ಜೆಂಟಾಮೈಸಿನ್ ಇಂಜೆಕ್ಷನ್ ಹಾಕಿದರೆ ಇರುವ ಕಿವಿಯೂ ಹೋಗುತ್ತದೆಯೇ?
– ಓದುಗರು, ಪುಣೆ

ಹೋಗುವ ಅಪಾಯವಿದೆ. ಈ ಆಂಟಿಬಯಾಟಿಕ್ ಸಮತೋಲನದ ಜೀವಕೋಶಗಳನ್ನು ಬೇಕೆಂದೇ ಕೆಡಿಸುತ್ತದೆ, ತಲೆಸುತ್ತು ನಿಲ್ಲುವುದು ಅದರಿಂದಲೇ. ಕೇಳುವ ಕೋಶಗಳಿಗೂ ತಟ್ಟಬಹುದು. ಬ್ರಿಟನ್ನಿನ ಲಂಡನ್ ಮತ್ತು ಲೆಸ್ಟರ್‌ನಲ್ಲಿ 60 ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತಲೆಸುತ್ತಿನ ದಾಳಿಗಳು ಜೆಂಟಾಮೈಸಿನ್‌ನಿಂದ ಶೇ. 87, ಮಿಥೈಲ್‌ಪ್ರೆಡ್ನಿಸೊಲೋನ್‌ನಿಂದ ಶೇ. 90 ಇಳಿದವು. ಹೀಗಿರುವಾಗ ಆ ಕಿವಿ ಇನ್ನೂ ಚೆನ್ನಾಗಿ ಕೇಳುತ್ತಿದ್ದರೆ ಮೊದಲು ಸ್ಟೀರಾಯ್ಡ್ ನೋಡೋಣವೇ ಎಂದು ವೈದ್ಯರನ್ನು ಕೇಳುವುದು ನ್ಯಾಯ. ಇನ್ನೊಂದು ಕಿವಿಗೂ ಕಾಯಿಲೆ ಇದ್ದರಂತೂ ಜೆಂಟಾಮೈಸಿನ್‌ಗೆ ಅವಸರ ಬೇಡ. ಎರಡೂ ಕಡೆ ಸಮತೋಲನ ಹೋದರೆ ಕತ್ತಲಲ್ಲಿ ನಾಲ್ಕು ಹೆಜ್ಜೆ ಇಡುವುದೂ ಕಷ್ಟ.

ಪ್ರಶ್ನೆ: ಕಿವಿ ಕಟ್ಟಿದಾಗ ಅದು ಗುಗ್ಗೆಯೋ ನರದ ತೊಂದರೆಯೋ ಎಂದು ಮನೆಯಲ್ಲೇ ತಿಳಿಯಬಹುದೇ?
– ಓದುಗರು, ಶಿವಮೊಗ್ಗ

ಒಂದು ಅಂದಾಜು ಸಿಗುತ್ತದೆ. ಬಾಯಿ ಮುಚ್ಚಿ ‘ಮ್ಮ್…’ ಎಂದು ಗುನುಗಿ. ಸದ್ದು ಕಟ್ಟಿದ ಕಿವಿಯಲ್ಲೇ ಜೋರಾಗಿದ್ದರೆ ಗುಗ್ಗೆ ಅಥವಾ ಶೀತ ಇರಬಹುದು. ಚೆನ್ನಾಗಿರುವ ಕಿವಿಯ ಕಡೆಗೆ ಸರಿದರೆ ನರದ ಅನುಮಾನ. ಆಗ ಗುಗ್ಗೆ ಕರಗಿಸುವ ಡ್ರಾಪ್ಸ್ ಹಾಕಿಕೊಂಡು ವಾರ ಕಳೆಯದೆ, ಅಂದೇ ಆಡಿಯೋಗ್ರಾಂ (ಕೇಳುವ ಶಕ್ತಿಯ ಪರೀಕ್ಷೆ) ಮಾಡಿಸಿ.