ಮಗುವಿನ ಹೆಸರು ಇರಲಿ, ನಿಮ್ಮ ಹೆಸರೇನು?

ಈ ವಾರದ ಪತ್ರವೊಂದನ್ನು ಓದಿ ಮುಗಿಸಿದವಳು ಸೀದಾ ಅಡುಗೆಮನೆಗೆ ಹೋಗಿ, ಸ್ಟೂಲು ಹಾಕಿಕೊಂಡು, ಅಟ್ಟದ ಮೇಲಿದ್ದ ಹಿತ್ತಾಳೆಯ ಕೊಳಗವನ್ನು ಇಳಿಸಿದೆ. ಈ ವಯಸ್ಸಿನಲ್ಲಿ ಸ್ಟೂಲು ಹತ್ತಬಾರದೆಂದು ಮಗ ಬೈಯುತ್ತಾನೆ. ಬೈಯಲಿ. ಕೊಳಗದ ವಿಷಯ ಆಮೇಲೆ ಹೇಳುತ್ತೇನೆ, ಮೊದಲು ಪತ್ರ.

ಪತ್ರ ಮಂಡ್ಯದಿಂದ ಬಂದದ್ದು. ಬರೆದವರಿಗೆ ಹತ್ತು ತಿಂಗಳ ಹೆಣ್ಣುಮಗುವಿದೆ. ಹುಟ್ಟಿದ್ದು ಕೃತ್ತಿಕಾ ನಕ್ಷತ್ರದ ಎರಡನೆಯ ಪಾದದಲ್ಲಿ. ಪುರೋಹಿತರು ‘ಇ’ ಅಕ್ಷರದ ಹೆಸರಿಡಿ ಎಂದರು, ತಾಯಿ ‘ಇಳಾ’ ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡರು. ಆದರೆ ತೊಟ್ಟಿಲ ಶಾಸ್ತ್ರದ ದಿನ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಸೋದರತ್ತೆಯದು. ಬೆಂಗಳೂರಿನಿಂದ ಬಂದ ನಾದಿನಿ ಸಂಖ್ಯಾಶಾಸ್ತ್ರದವರನ್ನು ಕೇಳಿಕೊಂಡೇ ಬಂದಿದ್ದರು. ತೊಟ್ಟಿಲಿಗೆ ಬಗ್ಗಿ ಮೂರು ಸಲ ‘ಕಿಯಾ’ ಎಂದರು. ಅತ್ತೆಯ ನಾಲಗೆಗೆ ಅದು ಹತ್ತಲಿಲ್ಲ. ಅವರ ತಾಯಿಯ ಹೆಸರು ಹೊನ್ನಮ್ಮ, ಅದನ್ನೇ ಇಡಿ ಎಂದು ಪಟ್ಟು ಹಿಡಿದಿದ್ದಾರೆ. ಇವರು ಅಂಜುತ್ತಾ ‘ಇಳಾ’ ಎಂದದ್ದಕ್ಕೆ ನಾದಿನಿ ಮೊಬೈಲ್ ತೆರೆದು, ‘ಅದರ ಅರ್ಥ ಮಣ್ಣು ಅತ್ತಿಗೆ, ಮಗುವನ್ನು ಮಣ್ಣು ಎಂದು ಕರೆಯುತ್ತೀರಾ?’ ಎಂದರಂತೆ. ಯಜಮಾನರು ಯಾರ ಮನಸ್ಸನ್ನೂ ನೋಯಿಸುವವರಲ್ಲ, ಆದ್ದರಿಂದ ಏನನ್ನೂ ಹೇಳುವವರೂ ಅಲ್ಲ. ಕಾಗದದ ಮೇಲೆ ಮಗುವಿಗೆ ಇಂದಿಗೂ ಹೆಸರಿಲ್ಲ. ಯಾರಿಗೂ ಬೇಸರವಾಗದಂಥ, ಎರಡಕ್ಷರದ, ಒಳ್ಳೆಯ ಅರ್ಥವಿರುವ ಹತ್ತು ಹೆಸರು ಬರೆದು ಕಳುಹಿಸಿ ಎಂಬುದು ಕೋರಿಕೆ.

ಹತ್ತಲ್ಲ, ನೂರು ಕಳುಹಿಸಬಹುದಿತ್ತು. ಮೈಸೂರಿನ ಶಾಲೆಯೊಂದರಲ್ಲಿ ಮೂವತ್ತೊಂದು ವರ್ಷ ಹಾಜರಿ ಕೂಗಿದವಳು ನಾನು, ಹೆಸರುಗಳಿಗೆ ನನ್ನಲ್ಲಿ ಬರವಿಲ್ಲ. ಆದರೆ ಎರಡನೆಯ ಪುಟದ ಕೊನೆಯಲ್ಲಿ, ಆವರಣದೊಳಗೆ, ಸಣ್ಣ ಅಕ್ಷರದಲ್ಲಿ ನೀವು ಹೀಗೆ ಬರೆದಿದ್ದೀರಿ: ‘ಆಸ್ಪತ್ರೆಯ ಕಾಗದದಲ್ಲಿ ತಾಯಿಯ ಹೆಸರು ಎಂದು ಮದುವೆಯಲ್ಲಿ ಇಟ್ಟ ಹೆಸರು ಬಿದ್ದಿದೆ, ಆಧಾರ್‌ನಲ್ಲಿ ತವರಿನ ಹೆಸರಿದೆ. ನಾದಿನಿಯ ಹೆಸರೂ ಅದೇ ಆಗಿತ್ತು, ಒಂದೇ ಮನೆಯಲ್ಲಿ ಎರಡು ಬೇಡವೆಂದು ನನ್ನದನ್ನು ಬದಲಾಯಿಸಿದರು. ಅದೇನೂ ದೊಡ್ಡ ವಿಷಯವಲ್ಲ, ಬಿಡಿ.’

ಬಿಡುವುದಿಲ್ಲ. ಇಡೀ ಪತ್ರದಲ್ಲಿ ವಿಷಯವೆಂದು ಇರುವುದು ಅದೊಂದೇ.

ಗುರುತು ಸಿಗದಂತೆ ನಿಮ್ಮ ಹೆಸರನ್ನು ಬದಲಿಸಿ ಪ್ರಕಟಿಸಿ ಎಂದೂ ಕೇಳಿದ್ದೀರಿ. ಕ್ಷಮಿಸಿ ತಾಯಿ, ನಿಮ್ಮ ಹೆಸರನ್ನು ಇನ್ನೊಂದು ಸಲ ಬದಲಿಸುವ ಕೆಲಸ ನನ್ನಿಂದ ಆಗದು. ಹೆಸರಿಲ್ಲದೆಯೇ ಬರೆಯುತ್ತೇನೆ. ತವರಿನದು ಕೂಡ ಎರಡಕ್ಷರದ, ಚೆಂದದ ಹೆಸರು ಎಂದಷ್ಟೇ ಓದುಗರಿಗೆ ಹೇಳುತ್ತೇನೆ.

ನಮ್ಮ ಕಡೆಯ ಆ ಶಾಸ್ತ್ರವನ್ನು ನಾನು ಎಷ್ಟೋ ಮದುವೆಗಳಲ್ಲಿ ಹತ್ತಿರದಿಂದ ನೋಡಿದ್ದೇನೆ. ತಟ್ಟೆಯಲ್ಲಿ ಅಕ್ಕಿ ಹರಡುತ್ತಾರೆ. ಗಂಡಿನ ಕೈಗೆ ಚಿನ್ನದ ಉಂಗುರ ಕೊಡುತ್ತಾರೆ. ಅವನು ಅಕ್ಕಿಯ ಮೇಲೆ ಹುಡುಗಿಯ ಹೊಸ ಹೆಸರನ್ನು ಗೀಚುತ್ತಾನೆ. ಅಕ್ಕಿಯಲ್ಲಿ ಒತ್ತು, ದೀರ್ಘ ಸರಿಯಾಗಿ ಮೂಡುವುದಿಲ್ಲ, ಕಾಳು ಜಾರಿ ಗೆರೆ ಮುಚ್ಚಿಕೊಳ್ಳುತ್ತದೆ, ಫೋಟೋದವನು ಇನ್ನೊಂದು ಸಲ ಬರೆಯಿರಿ ಎನ್ನುತ್ತಾನೆ. ಎಲ್ಲರೂ ನಗುತ್ತಾರೆ. ಆಮೇಲೆ ಯಾರೋ ತಟ್ಟೆಯನ್ನು ಒಳಗೆ ಒಯ್ದು ಅಕ್ಕಿಯನ್ನು ಡಬ್ಬಕ್ಕೆ ಸುರಿಯುತ್ತಾರೆ, ಮರುದಿನ ಅದು ಅನ್ನವಾಗುತ್ತದೆ. ಅಕ್ಕಿಯ ಮೇಲಿನ ಹೆಸರು ಅಳಿಸಿಹೋಗುತ್ತದೆ, ಹುಡುಗಿಯ ಮೇಲಿನದು ಅಂಟಿಕೊಳ್ಳುತ್ತದೆ. ತೊಟ್ಟಿಲ ಶಾಸ್ತ್ರದಲ್ಲೂ ಹೀಗೆಯೇ ಅಕ್ಕಿ, ಹೀಗೆಯೇ ಉಂಗುರ. ಮಗುವಿಗಾದರೆ ಹಳೆಯ ಹೆಸರು ಇರುವುದಿಲ್ಲ.

ಈಗ ಕೊಳಗ. ಅದರ ಕಂಠದ ಮೇಲೆ ಚುಕ್ಕೆ ಚುಕ್ಕೆಯಾಗಿ ‘ಸೀತೆ’ ಎಂದು ಕೊರೆದಿದೆ. ಪಾತ್ರೆಗಳಿಗೆ ಹೆಸರು ಹಾಕಿಸುವ ಕಾಲದ್ದು. ನನ್ನ ತಾಯಿಯನ್ನು ಎಲ್ಲರೂ ಕರೆಯುತ್ತಿದ್ದದ್ದು ಬೇರೆ ಹೆಸರಿನಿಂದ, ಪಡಿತರ ಚೀಟಿಯಲ್ಲಿ ಇದ್ದದ್ದೂ ಅದೇ. ಏಳೆಂಟು ವರ್ಷದವಳಿದ್ದಾಗ, ಹುಣಿಸೆಹಣ್ಣು ಹಚ್ಚಿ ಬೆಳಗುತ್ತಾ, ‘ಸೀತೆ ಯಾರಮ್ಮ?’ ಎಂದು ಕೇಳಿದೆ. ‘ತವರಿನವಳು’ ಎಂದಳು. ಯಾವುದೋ ಚಿಕ್ಕಮ್ಮ ಇರಬೇಕು ಎಂದುಕೊಂಡೆ. ಅವಳೇ ಸೀತೆ ಎಂದು ಗೊತ್ತಾಗಲು ನನಗೆ ಇನ್ನೂ ಹತ್ತು ವರ್ಷ ಬೇಕಾಯಿತು.

ಆದ್ದರಿಂದ ನಿಮ್ಮ ನಾದಿನಿಯ ವಿಷಯದಲ್ಲಿ ನಾನು ನ್ಯಾಯವಾಗಿ ಮಾತಾಡುತ್ತೇನೆಂದು ನಿರೀಕ್ಷಿಸಬೇಡಿ. ಯಜಮಾನರ ಮೌನವನ್ನು ಕ್ಷಮಿಸಬಲ್ಲೆ, ಮಂಡ್ಯದ ಗಂಡಸರು ತಾಯಿ ಮತ್ತು ತಂಗಿಯ ನಡುವೆ ಮೌನವಾಗುವುದು ಹೊಸದಲ್ಲ. ಅತ್ತೆಯನ್ನಂತೂ ಪೂರ್ತಿ ಕ್ಷಮಿಸುತ್ತೇನೆ, ಕಾರಣ ಮುಂದೆ ಇದೆ. ನಾದಿನಿಯವರನ್ನು ಮಾತ್ರ ಇಲ್ಲ. ಮದುವೆಯಾಗಿ ಬೇರೆ ಊರಿಗೆ ಹೋಗಲಿದ್ದವರ ಹೆಸರು ಉಳಿಯಿತು, ಆ ಮನೆಯಲ್ಲೇ ಬಾಳಲು ಬಂದವರ ಹೆಸರು ಹೋಯಿತು. ಅಷ್ಟು ಸಾಲದೆ ಈಗ ಮಗುವಿನ ಹೆಸರಿಗೂ ಕೈ ಹಾಕಿದ್ದಾರೆ. ಅವರ ಕಡೆಯಿಂದಲೂ ಹೇಳುವ ಮಾತಿರಬಹುದು. ಅವರು ಪತ್ರ ಬರೆದರೆ ಆಗ ನೋಡೋಣ.

ಇನ್ನು ‘ಮಣ್ಣು’. ಅಂಕಣದ ಹಳೆಯ ಓದುಗರಿಗೆ ನನ್ನ ಈ ಹಟ ಗೊತ್ತು: ಹೆಸರಿನ ಅರ್ಥವನ್ನು ನಿಘಂಟಿನಲ್ಲಿ ನೋಡಬೇಕು, ಮೊಬೈಲಿನಲ್ಲಲ್ಲ. ಮೊಬೈಲಿನ ಪಟ್ಟಿಗಳಲ್ಲಿ ಮೂಲ ತಿಳಿಯದ ಪ್ರತಿ ಹೆಸರಿಗೂ ಎರಡೇ ಅರ್ಥ, ಒಂದು ದೇವಿ, ಇನ್ನೊಂದು ದೇವರ ಕೊಡುಗೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟು ಇಂದಿಗೂ ಸಿಗುತ್ತದೆ, ತೆರೆದು ನೋಡಿ. ಇಳಾ ಎಂದರೆ ಇಳೆ, ಭೂಮಿ. ಮುಂಗಾರು ಬಿದ್ದ ಮರುದಿನ ನಮ್ಮ ಪತ್ರಿಕೆಗಳು ‘ತಂಪಾದ ಇಳೆ’ ಎಂದು ತಲೆಬರಹ ಕೊಡುತ್ತವೆ, ‘ತಂಪಾದ ಮಣ್ಣು’ ಎಂದು ಯಾರೂ ಕೊಡುವುದಿಲ್ಲ. ಅಷ್ಟಕ್ಕೂ ಮಣ್ಣೇ ಎಂದಾದರೂ, ಕಬ್ಬು ಭತ್ತ ಬೆಳೆದು ಉಣ್ಣುವ ಮಂಡ್ಯದಲ್ಲಿ ಕುಳಿತು ಮಣ್ಣಿಗೆ ಮೂಗು ಮುರಿಯುವುದೆಂದರೇನು?

ಇನ್ನೊಂದು ಮಾತನ್ನು ದಸರೆಗೆ ಬಂದು ಅರಮನೆಯ ದೀಪದ ಮುಂದೆ ಫೋಟೋ ತೆಗೆಸಿಕೊಳ್ಳುವಾಗ ನಾದಿನಿಯವರಿಗೆ ಹೇಳಿ. ಆ ಅರಮನೆಯ ಒಡೆಯರು ತಮ್ಮನ್ನು ಯದುವಂಶದವರೆಂದು ಕರೆದುಕೊಂಡವರು. ಪುರಾಣದ ಪ್ರಕಾರ ಯದುವಿನ ತಂದೆ ಯಯಾತಿ, ಅವನ ತಂದೆ ನಹುಷ, ಅವನ ತಂದೆ ಆಯು, ಅವನ ತಂದೆ ಪುರೂರವ. ಪುರೂರವನನ್ನು ಹೆತ್ತವಳು ಇಳಾ, ಮನುವಿನ ಮಗಳು.

ಚಿಕ್ಕ ಹೆಸರು ಈಗಿನವರ ಶೋಕಿ ಎಂದು ಬೈಯುವವರ ಜೊತೆಗೂ ನನಗೆ ಸಹಮತವಿಲ್ಲ. ಉಮಾ, ರಮಾ, ಉಷಾ ಯಾವ ಕಾಲದವು? ಉಷಾ ಎಂದರೆ ಬೆಳಗಿನ ಹೊತ್ತಿನ ದೇವತೆ, ಋಗ್ವೇದದಲ್ಲಿ ಅವಳಿಗೆ ಸೂಕ್ತಗಳೇ ಇವೆ. ಉಮಾ ಎಂಬ ಹೆಸರಿನ ಹುಟ್ಟನ್ನು ಕಾಳಿದಾಸ ಕುಮಾರಸಂಭವದಲ್ಲಿ ಹೇಳುತ್ತಾನೆ. ತಪಸ್ಸಿಗೆ ಹೊರಟ ಮಗಳನ್ನು ತಾಯಿ ‘ಉ, ಮಾ’ ಎಂದು ತಡೆದಳಂತೆ. ಅಯ್ಯೋ, ಬೇಡಮ್ಮ ಎಂದರ್ಥ. ತಾಯಿಯ ಬಾಯಿಂದ ಬಂದ ಆ ಮಾತೇ ಹೆಸರಾಗಿ ನಿಂತಿತು. ಅಲ್ಲಿ ಯಾವ ಸೋದರತ್ತೆಯೂ ಮೊಬೈಲ್ ಹಿಡಿದು ನಿಂತಿರಲಿಲ್ಲ. ಇನ್ನು ನಮ್ಮ ಹಳ್ಳಿಗಳಲ್ಲಿ ನಿಂಗಮ್ಮ ನಿಂಗಿಯಾಗಿ, ಪುಟ್ಟತಾಯಮ್ಮ ಪುಟ್ಟಿಯಾಗಿ, ಸಾವಿತ್ರಮ್ಮ ಸಾವಿಯಾಗಿ ಎಂದೋ ಎರಡಕ್ಷರಕ್ಕೆ ಇಳಿದಿದ್ದಾರೆ. ಕಾಗದದಲ್ಲಿ ಉದ್ದ, ಬಾಯಲ್ಲಿ ಗಿಡ್ಡ. ಹೆಸರು ಇರುವುದು ಕೂಗುವುದಕ್ಕೆ. ಹಿತ್ತಿಲಲ್ಲಿ ನಿಂತು ಕೂಗಿದರೆ ಬೀದಿಯಲ್ಲಿ ಆಡುವ ಮಗು ತಿರುಗಿ ನೋಡಬೇಕು. ಈ ಪರೀಕ್ಷೆಯಲ್ಲಿ ಕಿಯಾ ಕೂಡ ಪಾಸು, ಒಪ್ಪುತ್ತೇನೆ. ಆದರೆ ನಮ್ಮ ಬೀದಿಯಲ್ಲಿ ಹಾಗೆ ಕೂಗಿದರೆ ತಿರುಗಿ ನೋಡುವುದು ಆ ಹೆಸರಿನ ಕಾರಿನವರು.

ನಿಮಗೆ ಬೇಡದಿದ್ದರೂ ಪಟ್ಟಿ ಕಾದಿರುವ ಬೇರೆ ತಾಯಂದಿರಿಗಾಗಿ ನಾಲ್ಕು ಮಾತು. ಸುಧಾ ಎಂದರೆ ಅಮೃತ. ಮೇಧಾ ಎಂದರೆ ಕೇಳಿದ್ದನ್ನು ಹಿಡಿದಿಟ್ಟುಕೊಳ್ಳುವ ಬುದ್ಧಿ. ಸಿಯಾ ಎಂದು ಈಗ ಇಡುತ್ತಿರುವುದು ನಮ್ಮ ಸೀತೆಯನ್ನೇ, ಅವಧಿ ಭಾಷೆಯ ರೂಪದಲ್ಲಿ. ದಿಯಾ ಎಂದರೆ ಹಿಂದಿಯ ದೀಪ, ನಮ್ಮಲ್ಲಿ ದೀಪಾ ಆಗಲೇ ಇದ್ದಾಳೆ. ಚುಕ್ಕಿ, ಬೆಳ್ಳಿ, ಮಲ್ಲಿ ಎಂಬ ಹೆಸರುಗಳಿಗೆ ಅರ್ಥ ಹೇಳುವ ಅಗತ್ಯವೇ ಇಲ್ಲ. ಮಂಡ್ಯ ಜಿಲ್ಲೆಯಲ್ಲೇ ಹರಿದು ಕಾವೇರಿ ಸೇರುವ ಶಿಂಷಾ ನದಿಯ ಹೆಸರನ್ನು ಯಾಕೆ ಯಾರೂ ಇಡುವುದಿಲ್ಲವೋ, ನನಗೆ ಬಹಳ ದಿನದ ಆಶ್ಚರ್ಯ.

ಅತ್ತೆಯ ಹೊನ್ನಮ್ಮನಿಗೆ ಬರುತ್ತೇನೆ. ಚಿಕ್ಕದೇವರಾಜ ಒಡೆಯರ (1673–1704) ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುತ್ತಿದ್ದ ಹೆಣ್ಣುಮಗಳೊಬ್ಬಳು ಕಾವ್ಯ ಬರೆದು ಕನ್ನಡದಲ್ಲಿ ಉಳಿದಳು, ಸಂಚಿ ಹೊನ್ನಮ್ಮ. ಆ ಹೆಸರನ್ನು ಹಳೆಯದೆಂದು ತಳ್ಳಬೇಡಿ. ಅದಕ್ಕಿಂತ ಹೆಚ್ಚಾಗಿ, ಅತ್ತೆ ಕೇಳುತ್ತಿರುವುದು ಸಂಖ್ಯೆಯನ್ನಲ್ಲ, ತಮ್ಮ ತಾಯಿಯನ್ನು. ಇಡೀ ಪತ್ರದಲ್ಲಿ ನಿಮ್ಮಂತೆಯೇ ತವರಿನ ಒಂದು ಹೆಸರನ್ನು ಉಳಿಸಿಕೊಳ್ಳಲು ನೋಡುತ್ತಿರುವವರು ಅವರೊಬ್ಬರೇ. ಅವರು ಮಗುವನ್ನು ಹೊನ್ನಿ ಎಂದು ಕರೆಯಲಿ. ಮನೆಯಲ್ಲಿ ಕರೆಯುವ ಹೆಸರಿಗೆ ಯಾವ ಕಚೇರಿಯ ಮೊಹರೂ ಬೇಕಿಲ್ಲ.

ಈಗ ನಾನು ಹೇಳುವುದು ಒಂದೇ ಕೆಲಸ. ಬರುವ ಸೋಮವಾರ ಜನನ ನೋಂದಣಿ ಕಚೇರಿಗೆ ಹೋಗಿ. ಹತ್ತು ಹೆಸರಿನ ಪಟ್ಟಿ ಬೇಡ, ಮನೆಯವರ ಸಭೆಯೂ ಬೇಡ.

ಹೋಗಿ ಮೊದಲು ಕೇಳಬೇಕಾದದ್ದು ಮಗುವಿನ ಹೆಸರನ್ನಲ್ಲ, ‘ತಾಯಿಯ ಹೆಸರು’ ಎಂಬ ಸಾಲಿನ ತಿದ್ದುಪಡಿಯನ್ನು. 1969ರ ಜನನ ಮರಣ ನೋಂದಣಿ ಕಾಯ್ದೆಯ 15ನೇ ಕಲಂ ಅದಕ್ಕೇ ಇದೆ. ಅದರ ಕ್ರಮ ನನಗೆ ಬಹಳ ಇಷ್ಟ: ಮೊದಲು ಬರೆದದ್ದನ್ನು ಅಳಿಸುವುದಿಲ್ಲ, ಅಂಚಿನಲ್ಲಿ ಸರಿಯಾದದ್ದನ್ನು ಬರೆದು, ನೋಂದಣಾಧಿಕಾರಿ ಸಹಿ ಮಾಡಿ ದಿನಾಂಕ ಹಾಕುತ್ತಾರೆ. ಆಧಾರ್, ಶಾಲೆಯ ಅಂಕಪಟ್ಟಿ ತೆಗೆದುಕೊಂಡು ಹೋಗಿ. ಲಗ್ನಪತ್ರಿಕೆ ಉಳಿದಿದ್ದರೆ ಅದನ್ನೂ ಇಟ್ಟುಕೊಳ್ಳಿ, ಅದರಲ್ಲಿ ಅಚ್ಚಾಗಿರುವುದು ತವರಿನ ಹೆಸರೇ ಅಲ್ಲವೇ? ಎರಡೂ ಹೆಸರು ಒಬ್ಬರದೇ ಎಂದು ಅಫಿಡವಿಟ್ ಕೇಳಿದರೆ ನೋಟರಿಯವರಲ್ಲಿ ಮಾಡಿಸಿ ಕೊಡಿ. ಇದನ್ನು ಸಣ್ಣದೆಂದು ಬಿಟ್ಟರೆ ನಾಳೆ ಮಗುವಿನ ದಾಖಲೆಯಲ್ಲಿ ತಾಯಿ ಒಬ್ಬರು, ತಾಯಿಯ ದಾಖಲೆಯಲ್ಲಿ ಇನ್ನೊಬ್ಬರು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಯ ಸೇರ್ಪಡೆಯಿಂದ ಹಿಡಿದು ಎಷ್ಟೋ ಕಡೆ ಹುಟ್ಟಿದ ದಿನಕ್ಕೂ ಸ್ಥಳಕ್ಕೂ ಜನನ ಪ್ರಮಾಣಪತ್ರವೇ ಆಧಾರ.

ಅದೇ ಕಿಟಕಿಯಲ್ಲಿ, ಅದೇ ದಿನ, ಮಗುವಿನ ಹೆಸರನ್ನೂ ಸೇರಿಸಿ. ನೋಂದಣಿಯಾದ 12 ತಿಂಗಳೊಳಗೆ ಹೆಸರು ಸೇರಿಸಲು ಶುಲ್ಕವಿಲ್ಲ. ಆಮೇಲೆಯೂ 15 ವರ್ಷದವರೆಗೆ ಶುಲ್ಕ ಕೊಟ್ಟು ಸೇರಿಸಬಹುದು, ಆದರೆ ಅಲ್ಲಿಯವರೆಗೆ ಕಾಯುವ ಮನೆ ನಿಮ್ಮದಲ್ಲ, ನಾದಿನಿ ಬೇಸಿಗೆ ರಜೆಗೆ ಮತ್ತೆ ಬರುತ್ತಾರೆ. ಹೆಸರು ತಿಳಿಸಬೇಕಾದವರು ತಂದೆ ಅಥವಾ ತಾಯಿ, ಇಲ್ಲವೇ ಪೋಷಕರು ಎನ್ನುತ್ತದೆ ಕಾಯ್ದೆ. ಸೋದರತ್ತೆಯ ಹೆಸರು ಆ ಸಾಲಿನಲ್ಲಿಲ್ಲ. ಯಜಮಾನರನ್ನು ಜೊತೆಗೆ ಕರೆದುಕೊಂಡು ಹೋಗಿ, ಅವರು ಅಲ್ಲಿಯೂ ಸುಮ್ಮನೆ ನಿಂತಿರುತ್ತಾರೆ, ಈ ಸಲ ಅದರಿಂದ ಉಪಕಾರವೇ.

ಪ್ರಮಾಣಪತ್ರ ಕೈಗೆ ಬಂದಾಗ ಕಿಟಕಿ ಬಿಟ್ಟು ಕದಲುವ ಮೊದಲೇ ಓದಿ. ಇಂಗ್ಲಿಷಿನಲ್ಲಿ ‘ಳ’ ಇಲ್ಲ, ಆದ್ದರಿಂದ ಕನ್ನಡದ ಸಾಲಿನಲ್ಲಿ ‘ಇಲಾ’ ಎಂದು ಬಿದ್ದಿದೆಯೇ, ‘ಇಳಾ’ ಎಂದಿದೆಯೇ ನೋಡಿ. ಇಂಗ್ಲಿಷಿನ ದೊಡ್ಡ ‘ಐ’ ಮತ್ತು ಚಿಕ್ಕ ‘ಎಲ್’ ಅಚ್ಚಿನಲ್ಲಿ ಎರಡೂ ನೆಟ್ಟ ಕೋಲಿನಂತೆಯೇ ಕಾಣುತ್ತವೆ, ಅದನ್ನೂ ಬೆರಳಿಟ್ಟು ಕೇಳಿ. ಹತ್ತೂವರೆಗೇ ಹೋಗಿ ನಿಲ್ಲಿ, ಊಟದ ಹೊತ್ತಿಗೆ ಕಿಟಕಿ ಮುಚ್ಚುತ್ತಾರೆ.