ಆ ಕ್ಯಾಸೆಟ್ಟಿಗೆ ಡ್ರಮ್ಮು ಬೇಕಿರಲಿಲ್ಲ

ಪತ್ರ: ನಿಮ್ಮ ಮಾತು ನಂಬಿ ಅಮೆರಿಕದ ಹಾಡುಗಾರ ಬ್ರೂಸ್ ಸ್ಪ್ರಿಂಗ್‌ಸ್ಟೀನ್‌ನ ‘ನೆಬ್ರಾಸ್ಕಾ’ ಆಲ್ಬಂ ಕೇಳಿದೆ. ಗಿಟಾರು, ಮೌತ್ ಆರ್ಗನ್, ಗೊಣಗಿದಂಥ ಹಾಡು. ಆಮೇಲೆ 2025ರಲ್ಲಿ ಹೊರಬಂದ, ಅದೇ ಹಾಡುಗಳ ಬ್ಯಾಂಡ್ ಆವೃತ್ತಿ ಕೇಳಿದೆ, ಅದರಲ್ಲಿ ಜೀವ ಇದೆ. ಅಂಥ ವಾದ್ಯಗಾರರು ಜೊತೆಗಿದ್ದೂ ಅರ್ಧ ಬೆಂದ ಅಡುಗೆ ಬಡಿಸುವುದೇಕೆ? ಸರಳತೆ ಅನ್ನೋದು ಸೋಮಾರಿತನಕ್ಕೆ ಇಟ್ಟ ಒಳ್ಳೆ ಹೆಸರಲ್ವಾ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಎರಡನ್ನೂ ಕೇಳಿ ಬರೆದಿದ್ದೀರಿ. ಅದಕ್ಕೇ ಈ ಸಲ ಪುಟದ ಮುಕ್ಕಾಲು ಭಾಗ ನಿಮಗೆ. ಬ್ಯಾಂಡ್ ಆವೃತ್ತಿ ಚೆನ್ನಾಗಿದೆ, ಒಪ್ಪಿದೆ. ಸ್ಪ್ರಿಂಗ್‌ಸ್ಟೀನ್‌ನ ಇ ಸ್ಟ್ರೀಟ್ ಬ್ಯಾಂಡ್‌ನವರು ಕೆಟ್ಟದಾಗಿ ನುಡಿಸುವವರೇ ಅಲ್ಲ.

ಆದರೆ ‘ಸೋಮಾರಿತನ’ ಎಂಬ ಮಾತು ನನಗೆ ನೋವು ತಂದಿತು. 1980ರಲ್ಲಿ ಆತನ ‘ದ ರಿವರ್’ ಆಲ್ಬಂ ಬಂತು. 20 ಹಾಡು, ಎರಡು ರೆಕಾರ್ಡು, ಅಮೆರಿಕದಲ್ಲಿ ಮೊದಲ ಸ್ಥಾನ. ಇನ್ನೂ ದೊಡ್ಡದನ್ನು ಮಾಡಲು ದಾರಿ ತೆರೆದಿತ್ತು. ಆತ ಮಾಡಿದ್ದೇನು? 1982ರ ಜನವರಿಯಲ್ಲಿ, ನ್ಯೂಜೆರ್ಸಿಯ ಕೋಲ್ಟ್ಸ್ ನೆಕ್‌ನ ಬಾಡಿಗೆ ಮನೆಯ ಮಲಗುವ ಕೋಣೆಯಲ್ಲಿ ಕೂತು, ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ರೆಕಾರ್ಡರಿಗೆ ಹಾಡಿದ. ಬ್ಯಾಂಡಿನವರಿಗೆ ಹಾಡು ಕಲಿಸಲು ಒಂದು ಕರಡು ಬೇಕಿತ್ತು, ಅಷ್ಟೇ.

ಆಮೇಲೆ ಬ್ಯಾಂಡ್ ಜೊತೆ ಸ್ಟುಡಿಯೋದಲ್ಲಿ ಅವೇ ಹಾಡುಗಳನ್ನು ಹಾಡಿ ನೋಡಿದ. ನೀವು ಕೇಳಿದ ಬ್ಯಾಂಡ್ ಆವೃತ್ತಿ ಅದೇ. ಬಹುಪಾಲು ಹಾಡುಗಳಿಗೆ ಅದು ಒಗ್ಗಲಿಲ್ಲ. ಕವರೂ ಇಲ್ಲದೆ ಪ್ಯಾಂಟಿನ ಜೇಬಿನಲ್ಲಿ ವಾರಗಟ್ಟಲೆ ಓಡಾಡಿದ್ದ ಆ ಕ್ಯಾಸೆಟ್ಟನ್ನೇ ಕೊನೆಗೆ ‘ನೆಬ್ರಾಸ್ಕಾ’ ಎಂದು ರೆಕಾರ್ಡ್ ಮಾಡಿ ಹೊರತಂದರು. ಧ್ವನಿ ಎಷ್ಟು ಮೆಲ್ಲಗಿತ್ತೆಂದರೆ ಅದನ್ನು ರೆಕಾರ್ಡಿನ ತಟ್ಟೆಗೆ ಇಳಿಸುವುದೇ ತಂತ್ರಜ್ಞರಿಗೆ ತಲೆನೋವಾಯಿತು. ಹೊಸದಾಗಿ ಹಾಡಿಸಿದ್ದರೆ ಎಲ್ಲರಿಗೂ ಸುಲಭವಿತ್ತು. ಸೋಮಾರಿಗಳು ಆ ಸುಲಭದ ದಾರಿ ಬಿಟ್ಟು ಇಷ್ಟು ಒದ್ದಾಡುತ್ತಾರಾ, ಹೇಳಿ?

ಇದು ಹೊಸ ದಾರಿಯೂ ಅಲ್ಲ. 1972ರಲ್ಲಿ ಕೊಲಂಬಿಯಾ ಎಂಬ ರೆಕಾರ್ಡ್ ಕಂಪನಿಯ ಜಾನ್ ಹ್ಯಾಮಂಡ್ ಮುಂದೆ ಆತ ಹಾಡಿ ತೋರಿಸಿದ್ದು ಒಬ್ಬನೇ, ಕೈಯಲ್ಲಿ ಒಂದು ಗಿಟಾರ್ ಹಿಡಿದು. ಹತ್ತು ವರ್ಷದ ಮೇಲೆ ಅಲ್ಲಿಗೇ ವಾಪಸ್ ಬಂದ.

ಆ ಹಾಡುಗಳಲ್ಲಿ ಯಾರಿದ್ದಾರೆ ನೋಡಿ. ಒಂದರಲ್ಲಿ ಒಬ್ಬ ಪೊಲೀಸ್. ದಾರಿ ತಪ್ಪಿದ ತಮ್ಮನ ಕಾರನ್ನು ರಾತ್ರಿ ಅಟ್ಟಿಸಿಕೊಂಡು ಹೋಗುತ್ತಾನೆ. ಕೆನಡಾದ ಗಡಿ ಹತ್ತಿರ ಬರುತ್ತಿದ್ದಂತೆ ತನ್ನ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ, ತಮ್ಮನ ಕಾರಿನ ಹಿಂದಿನ ಕೆಂಪು ದೀಪ ಕತ್ತಲಲ್ಲಿ ಕರಗುವುದನ್ನು ನೋಡುತ್ತಾ ಕೂರುತ್ತಾನೆ. ಕರ್ತವ್ಯ ತಪ್ಪಿದೆ ಎಂದು ಡ್ರಮ್ಮು ಬಾರಿಸಿ ಹೇಳಲಾಗುತ್ತದಾ? ಇಂಥದ್ದನ್ನು ಮನುಷ್ಯ ಯಾರಿಗೂ ಕೇಳಿಸದ ಹಾಗೆ, ತನಗೆ ತಾನೇ ಹೇಳಿಕೊಳ್ಳುತ್ತಾನೆ. ನೀವು ಗೊಣಗು ಅಂದದ್ದು ಅದನ್ನೇ.

ನಾನು ಇದನ್ನು ಮೊದಲು ಕೇಳಿದ್ದು ಗೆಳೆಯನ ಕ್ಯಾಸೆಟ್ಟಿನಲ್ಲಿ. ಕರೆಂಟ್ ಹೋಗಿತ್ತು, ಟೇಪ್‌ರೆಕಾರ್ಡರಿಗೆ ಸೆಲ್ ಹಾಕಿದ್ದೆ. ಹಾಡಿನ ಇಂಗ್ಲಿಷು ನನಗೇ ಅರ್ಧ ತಿಳಿಯುತ್ತಿರಲಿಲ್ಲ. ಅಡುಗೆಮನೆಯಿಂದ ಅಮ್ಮ ಕೇಳಿದರು, ‘ಯಾರೋ ಅದು, ಪಾಪ, ಅವನ ಮನೇಲಿ ಏನಾಯ್ತಂತೆ?’ ಅಮ್ಮನಿಗೆ ಇಂಗ್ಲಿಷಿನ ಒಂದಕ್ಷರವೂ ಬರುತ್ತಿರಲಿಲ್ಲ.

ಈಗ ಇನ್ನೊಂದು ಮಗ್ಗುಲು ನೋಡಿ. ‘ಬಾರ್ನ್ ಇನ್ ದ ಯುಎಸ್ಎ’ ಕೂಡ ಅದೇ ಕೋಣೆಯಲ್ಲಿ, ಅದೇ ದಿನಗಳಲ್ಲಿ ಮೆಲ್ಲಗೆ ಹಾಡಿಟ್ಟಿದ್ದ ಹಾಡು. ವಿಯೆಟ್ನಾಂ ಯುದ್ಧದಿಂದ ಬಂದು ಕೆಲಸ ಸಿಗದೆ ಅಲೆಯುವವನ ಸಂಕಟ ಅದು. 1984ರಲ್ಲಿ ಬ್ಯಾಂಡ್ ಜೊತೆ ಬಂತು. ಆ ಡ್ರಮ್ಮು, ಆ ಕೂಗಿನ ಪಲ್ಲವಿ! ಲಕ್ಷಾಂತರ ಜನ ಅದನ್ನು ಬಾವುಟ ಹಾರಿಸುವ ಹಾಡು ಅಂದುಕೊಂಡರು. ಅದೇ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ರೇಗನ್ ನ್ಯೂಜೆರ್ಸಿಯ ಚುನಾವಣಾ ಭಾಷಣದಲ್ಲಿ ಸ್ಪ್ರಿಂಗ್‌ಸ್ಟೀನ್‌ನ ಹಾಡುಗಳಲ್ಲಿ ಭರವಸೆ ಇದೆ ಎಂದು ಹೊಗಳಿದರು. ಮುಂದೆ 1995ರ ನಂತರದ ಕಛೇರಿಗಳಲ್ಲಿ ಆತ ಆ ಹಾಡನ್ನು ಮತ್ತೆ ಒಬ್ಬನೇ, ಗಿಟಾರಿನಲ್ಲಿ ಹಾಡಿದ. ಆಗ ಯಾರೂ ಕುಣಿಯುವಂತಿರಲಿಲ್ಲ. ಮಾತು ಕಿವಿಗೆ ಬೀಳುತ್ತಿತ್ತು.

ನಮ್ಮಲ್ಲಿ ಏನಾಗಿದೆ? ಮೈಸೂರು ಅನಂತಸ್ವಾಮಿಯವರ ಹಾರ್ಮೋನಿಯಂ ಕೇಳಿ ಬೆಳೆದವರು ನಾವು. ಪದ್ಯದ ಒಂದೊಂದು ಅಕ್ಷರಕ್ಕೂ ಅಲ್ಲಿ ಜಾಗ ಇತ್ತು. ದೊಡ್ಡ ಮೇಳ ಬೇಡವೆಂದಲ್ಲ. ಸಿ. ಅಶ್ವಥ್ 2005ರಲ್ಲಿ ಅರಮನೆ ಮೈದಾನ ತುಂಬಿಸಿದಾಗಲೂ ಮುಂದೆ ನಿಂತಿದ್ದು ಕವಿತೆಯೇ. ಆದರೆ ಹೋದ ತಿಂಗಳು ನಾನು ಕೂತಿದ್ದ ಭಾವಗೀತೆಯ ಕಾರ್ಯಕ್ರಮದಲ್ಲಿ ಕೀಬೋರ್ಡು, ರಿದಂ ಪ್ಯಾಡು, ಮೇಲೆ ಸುಮ್ನೆ ಒಂದಿಷ್ಟು ಎಕೋ. ಆ ಹುಡುಗಿಯ ಕಂಠ ತುಂಬಾ ಚೆನ್ನಾಗಿತ್ತು. ಪಕ್ಕದಲ್ಲಿದ್ದ ಹಿರಿಯರು ಕಿವಿಗೆ ಕೈ ಅಡ್ಡ ಇಟ್ಟುಕೊಂಡು ನನ್ನನ್ನು ಕೇಳಿದರು, ‘ಯಾವ ಪದ್ಯ ಸಾರ್ ಇದು?’ ಶಾಲೆಯಲ್ಲಿ ಅವರೂ ನಾನೂ ಬಾಯಿಪಾಠ ಮಾಡಿದ್ದ ಪದ್ಯ ಅದು. ಮದುವೆ ಮನೆಯಲ್ಲೂ ಇದೇ, ಗಣಪತಿ ಪೆಂಡಾಲಿನಲ್ಲೂ ಇದೇ. ಮೈಕಿನವರಿಗೆ ‘ಸ್ವಲ್ಪ ಕಮ್ಮಿ ಮಾಡಪ್ಪಾ’ ಅಂದರೆ ನಮ್ಮನ್ನೇ ವಿಚಿತ್ರವಾಗಿ ನೋಡುತ್ತಾರೆ.

ನಿಮ್ಮ ಮೇಲೆ ಸಿಟ್ಟಿಲ್ಲ. ನಿಮ್ಮ ಕಿವಿ ಚುರುಕಾಗಿದೆ, ಆತುರ ಮಾತ್ರ ಜಾಸ್ತಿ. ಈಗ ನಿಮ್ಮೂರಲ್ಲಿ ಮಳೆ ಹಿಡಿದಿರಬೇಕು. ಮನೆಯವರೆಲ್ಲ ಮಲಗಿದ ಮೇಲೆ, ದೀಪ ಆರಿಸಿ, ಆ ಪೊಲೀಸಿನವನ ಹಾಡು ಒಂದನ್ನೇ ಕೇಳಿ. ಆಮೇಲೂ ಅಡುಗೆ ಅರ್ಧ ಬೆಂದಿದೆ ಅನಿಸಿದರೆ ಬರೆಯಿರಿ. ಅದನ್ನೂ ಇದೇ ಪುಟದಲ್ಲಿ ಹಾಕುತ್ತೇನೆ.

– ಸಂ.